ಮುಗೀತು ಡಬ್ಬಿ

ಬೀದಿಯವರಿಗೆಲ್ಲ ಅಳತೆ ಹಿಡಿದು ಬಟ್ಟೆ ಹೊಲಿಯುತ್ತಿದ್ದ ಟೈಲರಮ್ಮ ತನ್ನ ಮಗಳ ದಿನಕ್ಕೂ ಒಂದು ಅಳತೆ ಹಿಡಿದಿದ್ದಳು. ಮಗಳು ಗುಬ್ಬಿ. ಹೆಸರಿಗಷ್ಟೇ ಗುಬ್ಬಿ, ಕಿರುಚಿದರೆ ಬೀದಿಯ ಆ ತುದಿಗೆ ಕೇಳಿಸುತ್ತಿತ್ತು. ಆಟಿಸಂ ಎಂದು ಡಾಕ್ಟರು ಹೇಳಿದ ಮೇಲೆ ನೆಂಟರಿಷ್ಟರು ತಲೆಗೊಂದು ಬುದ್ಧಿಮಾತು ಹೇಳಿ ಕೈತೊಳೆದುಕೊಂಡರು. ತಾಯಿ ಮಾತ್ರ ಟೊಂಕ ಕಟ್ಟಿ ನಿಂತಳು.

ಹೊಲಿಗೆ ಮಿಷನ್ನಿನ ಮೇಲಿನ ಗೋಡೆಗೆ ದಪ್ಪ ಬಟ್ಟೆಯ ಪಟ್ಟಿ, ಅದರುದ್ದಕ್ಕೂ ಟಿಚ್ ಬಟನ್. ಹಲ್ಲುಜ್ಜುವುದು, ಸ್ನಾನ, ಊಟ, ಸಂಜೆ ಅಪ್ಪ ಬರುವುದು, ಎಲ್ಲಕ್ಕೂ ರಟ್ಟಿಗೆ ಅಂಟಿಸಿದ ಒಂದೊಂದು ಫೋಟೊ. ಒಂದು ಕೆಲಸ ಆದೊಡನೆ ಗುಬ್ಬಿ ಅದರ ಫೋಟೊ ಕಿತ್ತು ಕೆಳಗಿನ ಸಾಲಿಗೆ ಟಿಕ್ಕೆಂದು ಒತ್ತುತ್ತಿದ್ದಳು. ಇನ್ನೆಂದೂ ಬಾರದವುಗಳಿಗೆ ಬೇರೆ ಜಾಗವಿತ್ತು, ಒಂದು ಹಳೇ ಬಿಸ್ಕತ್ತಿನ ಡಬ್ಬಿ. ಮುರಿದ ಬೊಂಬೆ, ಬಿಟ್ಟುಬಂದ ಮನೆ, ತೀರಿಕೊಂಡ ಅಜ್ಜಿ, ಎಲ್ಲರ ಫೋಟೊವೂ ಅದರೊಳಗೆ. ‘ಮುಗೀತು’ ಎಂದು ಮುಚ್ಚಳ ಹಾಕಿದರೆ ಮತ್ತೆ ತೆಗೆಯುವಂತಿಲ್ಲ. ಅಜ್ಜಿಗಾಗಿ ಬಾಗಿಲು ಬಡಿದು ಬಡಿದು ಅಂಗೈ ಒಡೆದುಕೊಂಡಿದ್ದ ಹುಡುಗಿಗೆ ಇಷ್ಟು ಕಲಿಸುವಷ್ಟರಲ್ಲಿ ತಾಯಿಯ ಜೀವ ಹೈರಾಣಾಗಿತ್ತು. ಕಲಿತ ಮೇಲೆ ಗುಬ್ಬಿ ಅಜ್ಜಿಯನ್ನು ಕೇಳಲೇ ಇಲ್ಲ.

ಲಾಕ್‌ಡೌನ್ ಬಂತು. ಊರೆಲ್ಲ ಮನೆ ಸೇರಿದರೆ ಗುಬ್ಬಿಯ ಅಪ್ಪ ಮನೆ ಬಿಟ್ಟ. ಅವನು ಲೈನ್‌ಮ್ಯಾನ್. ಮನೆಯೊಳಗೆ ಕೂತ ಜನ ಕರೆಂಟಿಲ್ಲದೆ ಇರುತ್ತಾರೆಯೇ? ಸೋಂಕು ತಗಲದಿರಲೆಂದು ಲೈನ್‌ಮ್ಯಾನ್‌ಗಳೆಲ್ಲ ಸಬ್‌ಸ್ಟೇಷನ್ನಿನಲ್ಲೇ ಉಳಿಯಬೇಕೆಂದು ಆಫೀಸಿನ ಅಪ್ಪಣೆಯಾಯಿತು.

ಸಂಜೆಯಾದರೆ ಗುಬ್ಬಿ ಅಪ್ಪನ ಫೋಟೊ ಹಿಡಿದು ಬಾಗಿಲಿಗೆ ನಿಲ್ಲುವಳು. ಅಪ್ಪ ಬಾರ. ಆಮೇಲೆ ಹಣೆಯನ್ನು ಗೋಡೆಗೆ ಚಚ್ಚಿಕೊಳ್ಳುವಳು. ಫೋನಿನಲ್ಲಿ ಅಪ್ಪನ ಮುಖ ತೋರಿಸಿದರೆ ಫೋನೂ ಹೋಗಿ ಗೋಡೆಗೆ ಬೀಳುತ್ತಿತ್ತು. ಕೆಳಗಿನ ಮನೆಯ ನಿವೃತ್ತ ಮೇಷ್ಟ್ರು, ಜೀವಮಾನವಿಡೀ ಮಕ್ಕಳಿಗೆ ಪಾಠ ಹೇಳಿದ ಪುಣ್ಯಾತ್ಮರು, ಮಾಸ್ಕ್ ಸರಿಮಾಡಿಕೊಂಡು ಮೆಟ್ಟಿಲ ಬುಡದಿಂದ ಕೇಳಿದರು: “ಏನಮ್ಮಾ, ಅದನ್ನ ಕಟ್ಟಿ ಹಾಕೋಕಾಗಲ್ವಾ? ನಮಗೂ ಮನೇಲಿ ಕೂತು ಸಾಕಾಗಿದೆ.”

“ನೀವೇ ಬಂದು ಕಟ್ಟಿ ಸಾರ್, ಹಗ್ಗ ನಾನು ಕೊಡ್ತೀನಿ,” ಎಂದಳು ಟೈಲರಮ್ಮ. ಮೇಷ್ಟ್ರು ಬರಲಿಲ್ಲ, ಮನೆ ಮಾಲೀಕನಿಗೆ ಫೋನ್ ಮಾಡಿದರು.

ಗುಬ್ಬಿಯ ಹಣೆ ಒಡೆದು ರಕ್ತ ಕಣ್ಣಿಗಿಳಿದ ಸಂಜೆ ಟೈಲರಮ್ಮ ಬಿಸ್ಕತ್ತಿನ ಡಬ್ಬಿಯನ್ನು ಕೆಳಗಿಳಿಸಿದಳು. ನಾಲ್ಕು ದಿನದ ಮಟ್ಟಿಗೆ ತಾನೇ, ಅವರು ಬಂದ ಮೇಲೆ ತೆಗೆದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅಪ್ಪನ ಫೋಟೊವನ್ನು ಅಜ್ಜಿಯ ಫೋಟೊದ ಮೇಲಿಟ್ಟು, “ಮುಗೀತು,” ಎಂದು ಮುಚ್ಚಳ ಒತ್ತಿದಳು. ಗುಬ್ಬಿ ಡಬ್ಬಿ ನೋಡಿದಳು, ಬಾಗಿಲು ನೋಡಿದಳು. ಆಮೇಲೆ ಅಪ್ಪನ ಚಪ್ಪಲಿ, ತಟ್ಟೆ, ಅಂಗಿಗಳನ್ನು ತಾನೇ ಹುಡುಕಿ ತಂದು ಕಪಾಟಿನ ಹಿಂದಕ್ಕೆ ತುರುಕಿದಳು. ಮರುದಿನ ಸಂಜೆ ಕಿರುಚಾಟವಿಲ್ಲ. ತಾಯಿ ಎಷ್ಟೋ ದಿನಗಳ ಮೇಲೆ ಬಿಸಿಯಾಗಿ ಊಟ ಮಾಡಿದಳು. ಗಂಡನಿಗೆ ಫೋನಿನಲ್ಲಿ “ಸುಧಾರಿಸಿದಾಳೆ ರೀ,” ಎಂದಳೇ ಹೊರತು ಹೇಗೆಂದು ಬಾಯಿಬಿಡಲಿಲ್ಲ.

ಲಾಕ್‌ಡೌನ್ ಸಡಿಲವಾಗಿ ಕೊನೆಗೂ ಅಪ್ಪ ಬಂದ. ಮೆಟ್ಟಿಲು ಹತ್ತುವಾಗಲೇ “ಗುಬ್ಬೀ!” ಎಂದು ಕೂಗಿದ. ಗುಬ್ಬಿ ಬಾಗಿಲಿಗೆ ಬಂದು ನೋಡಿದಳು. ಸತ್ತವರು ಎದ್ದು ಬಂದರೆ ಯಾರಾದರೂ ಕಿರುಚುವ ಹಾಗೆ ಕಿರುಚಿದಳು. ಎರಡೂ ಕೈಯಿಂದ ಅವನ ಎದೆಗೆ ಗುದ್ದಿ ಹೊರಗೆ ನೂಕಿ, “ಮುಗೀತು, ಮುಗೀತು,” ಎನ್ನುತ್ತ ಬಾಗಿಲಿಗೆ ಹಣೆ ಬಡಿಯತೊಡಗಿದಳು.

“ಏನು ಮುಗೀತು? ಏನೇ ಹೇಳ್ಕೊಟ್ಟಿದ್ದೀಯ ಇವಳಿಗೆ?”

ಟೈಲರಮ್ಮ ಓಡಿಹೋಗಿ ಡಬ್ಬಿ ತೆರೆದು ಫೋಟೊವನ್ನು ಪಟ್ಟಿಗೆ ಒತ್ತಿದಳು. ಗುಬ್ಬಿ ಕಿತ್ತು ಡಬ್ಬಿಗೆ ಹಾಕಿದಳು. ತಾಯಿ ಮತ್ತೆ ಒತ್ತಿದಳು, ಮಗಳು ಮತ್ತೆ ಕಿತ್ತಳು. ಕಲಿಸಿದ್ದನ್ನು ಹುಡುಗಿ ಒಂದಿಷ್ಟೂ ತಪ್ಪಿಲ್ಲದೆ ಮಾಡುತ್ತಿದ್ದಳು. ಕೊನೆಗೆ ಬಟನ್ನೇ ಕಿತ್ತುಬಂತು.

ವಾರಗಟ್ಟಲೆ ಅವನು ಮೆಟ್ಟಿಲ ಮೇಲೆ ಕೂತು ಊಟ ಮಾಡಿದ. ನಿಧಾನವಾಗಿ ಪ್ರಯತ್ನಿಸಿ ಎಂದರು ಡಾಕ್ಟರು. ಪ್ರಯತ್ನಿಸಲು ಗುಬ್ಬಿಯ ಹಣೆಯಲ್ಲಿ ಜಾಗ ಉಳಿದಿರಲಿಲ್ಲ. ಹೊರಗೆ ಅವನು ಕೆಮ್ಮಿದರೂ ಸಾಕು, ಗಾಯ ಮತ್ತೆ ಬಾಯಿಬಿಡುತ್ತಿತ್ತು.

ಒಂದು ಮಧ್ಯಾಹ್ನ ಟೈಲರಮ್ಮ ಅವನ ಬಟ್ಟೆಗಳಿಗೆ ಇಸ್ತ್ರಿ ಹಾಕಿ, ಚೀಲಕ್ಕೆ ತುಂಬಿ ಮೆಟ್ಟಿಲಿಗೆ ತಂದಳು.

“ನೀನೂ ಹೋಗು ಅಂತೀಯಾ?”

“ಹೋಗಿ.”

“ಎಲ್ಲೀವರೆಗೆ?”

ಅವಳು ಚೀಲದ ಬಾಯಿ ಕಟ್ಟಿ ಅವನ ಕಡೆಗೆ ಸರಿಸಿದಳು. ಅವನು ಚೀಲ ಎತ್ತಿಕೊಂಡು ಸದ್ದಾಗದಂತೆ ಇಳಿದ. ಕೆಳಗಿನ ಕಿಟಕಿಯಿಂದ ಮೇಷ್ಟ್ರು, “ಸದ್ಯ,” ಎಂದದ್ದು ಮೇಲಿನವರೆಗೂ ಕೇಳಿಸಿತು.

ಒಳಗೆ ಗುಬ್ಬಿ ತಾನಾಗಿಯೇ ತಟ್ಟೆ ತಂದಿಟ್ಟುಕೊಂಡು ನಗುತ್ತ ಕೂತಿದ್ದಳು. ಆ ನಗುವಿಗಾಗಿ ವರ್ಷಗಟ್ಟಲೆ ಒದ್ದಾಡಿದ್ದ ತಾಯಿಗೆ ಈಗ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸಲಿಲ್ಲ. ಅನ್ನ ಕಲಸಿ ತುತ್ತು ಮಾಡಿ ಬಾಯಿಗಿಟ್ಟಳು.