ಜಪ್ತಿಯಾದ ಹುಂಜ

ಅಥವಾ ಕೋರ್ಟಿನ ಅಂಗಳದಲ್ಲಿ ಚಿಗವ್ವ ಕರೆದಾಗ ಎರಡೂ ಹುಂಜಗಳು ತಿರುಗಿ ನೋಡಲಿಲ್ಲವೇನೋ. ಒಂದೇ ತಿರುಗಿರಬಹುದು. ಇಷ್ಟು ಸಲ ಹೇಳಿ ಹೇಳಿ ಎರಡನೆಯದರ ಕತ್ತನ್ನು ನಾನೇ ತಿರುಗಿಸಿರಬಹುದು. ಒಂದೇ ತಿರುಗಿತ್ತು ಎಂದರೆ ಅದು ಯಾರ ಹುಂಜವೆಂದು ಅಲ್ಲಿದ್ದವರಿಗೆಲ್ಲ ಗೊತ್ತಾಗಿತ್ತು ಎಂದು ಒಪ್ಪಬೇಕಾಗುತ್ತದೆ.

ಜವಳಗೇರಾದಲ್ಲಿ ಆಗ ನನ್ನದೊಂದು ಝೆರಾಕ್ಸ್ ಅಂಗಡಿಯಿತ್ತು. ಪಕ್ಕದ ಮನೆಯಾಕೆಯನ್ನು ಚಿಗವ್ವ ಎಂದು ಕರೆಯುತ್ತಿದ್ದೆ. ಬೆಕ್ಕಿನ ಬಾಯಿಂದ ಉಳಿದ ಒಂದೇ ಹುಂಜದ ಮರಿಯನ್ನು ಆಕೆ ಸಾಕಿ ದೊಡ್ಡದು ಮಾಡಿದ್ದಳು. ಆಕೆಯ ಗಂಡನ ಕಣ್ಣು ಅದರ ಎದೆ, ಕಾಲುಗಳ ಮೇಲೆ ಬಿತ್ತು. ಬುಟ್ಟಿಯಡಿ ಮುಚ್ಚಿಟ್ಟ, ಬಾದಾಮಿ ತಿನ್ನಿಸಿದ, ಬೇರೆ ಹುಂಜಗಳ ಮುಂದೆ ಹಿಡಿದು ಸಿಟ್ಟು ಕಲಿಸಿದ. ಒಂದು ಮುಂಜಾನೆ ಚೀಲದಲ್ಲಿ ಹಾಕಿಕೊಂಡು ಕಾಲುವೆಯಾಚೆ ಪಂದ್ಯಕ್ಕೆ ಹೋದ. ಕಾಲಿಗೆ ಕತ್ತಿ ಕಟ್ಟಿ ಬಿಡುವ ಪಂದ್ಯ. ಸುತ್ತ ನಿಂತವರು ಬಾಜಿ ಕಟ್ಟುತ್ತಾರೆ. ಎರಡರಲ್ಲಿ ಒಂದು ಸಾಯುತ್ತದೆ.

ಚಿಗವ್ವ ಅಂಗಡಿಗೆ ಬಂದು ಕೂತಳು. ನಾನು ಪೇಪರ್ ಓದುವವನು. ಕೋಳಿ ಕಾದಾಡಿಸುವುದೂ ಅಪರಾಧ, ಬಾಜಿ ಕಟ್ಟುವುದೂ ಅಪರಾಧ ಎಂದು ತಿಳಿಹೇಳಿದೆ.

"ಪೊಲೀಸ್ರು ಹಿಡದ್ರ ನನ್ನ ಹುಂಜ ಉಳಿತೈತೇನು?"

"ಉಳಿತೈತಿ ಬೇ. ಕಾಯ್ದೆ ಇರೋದ ಅದಕ್ಕ."

ನನ್ನ ಫೋನಿನಿಂದ ಕರೆ ಹೋಯಿತು. ಸ್ವಲ್ಪ ಹೊತ್ತಿಗೆ ಜೀಪು ನನ್ನ ಅಂಗಡಿ ಮುಂದೆಯೇ ನಿಂತಿತು. ಜಪ್ತಿಗೆ ಸಾಕ್ಷಿಯಾಗಿ ಸಹಿ ಹಾಕಲು ಇನ್ನೊಬ್ಬ ಪಂಚ ಬೇಕಾಗಿದ್ದ, ಅಷ್ಟೇ. ನಾನೂ ಹತ್ತಿದೆ. ಕೊಯ್ಲಾದ ಗದ್ದೆಯಲ್ಲಿ ಜನ ದಿಕ್ಕಿಗೊಬ್ಬರಂತೆ ಓಡಿದರು. ಚಿಗವ್ವನ ಗಂಡ ಸೇರಿ ಐದಾರು ಮಂದಿ ಸಿಕ್ಕಿಬಿದ್ದರು. ಎರಡು ಹುಂಜ ಜೀವಂತ ಸಿಕ್ಕವು. ಚಿಗವ್ವನದು ಗಂಡನ ಕಂಕುಳಲ್ಲೇ ಇತ್ತು, ಇನ್ನೂ ಕತ್ತಿ ಕಟ್ಟಿರಲಿಲ್ಲ. ನಾನು ಗೆದ್ದವನಂತೆ ಪಂಚನಾಮೆಗೆ ಸಹಿ ಹಾಕಿದೆ.

ಕೇಸು ಮುಗಿಯುವ ತನಕ ಕೋಳಿಗೆ ಕಾಳು ಹಾಕುವವರು ಯಾರು? ಕೆಲವೇ ದಿನಗಳಲ್ಲಿ ಕೋರ್ಟಿನ ಅಂಗಳದಲ್ಲಿ ಹರಾಜಿಗಿಟ್ಟರು. ಇದು ನನಗೆ ಗೊತ್ತಿರಲಿಲ್ಲ. ಪೇಪರಿನಲ್ಲಿ ಬಂದಿರಲಿಲ್ಲ. ಚಿಗವ್ವ ಹುಂಜ ತನ್ನದೆಂದಳು. ಅದಕ್ಕೆ ಪುರಾವೆ ಏನೆಂದು ಗುಮಾಸ್ತ ಕೇಳಿದ.

"ಕೋಳಿಗೆ ಆಧಾರ್ ಇರತೈತೇನ್ರೀ? ಕರೀತೀನಿ, ನೋಡ್ರಿ."

ಕುಕ್ಕರುಗಾಲಲ್ಲಿ ಕೂತು ನಾಲಿಗೆ ಲೊಚಗುಟ್ಟಿ ಕರೆದಳು. ಆಗಲೇ ಅವು ತಿರುಗಿದ್ದು. ಎರಡೂ. ಅಥವಾ ಒಂದು.

"ಕಾಳಿನ ಆಸೆಕ್ಕ ಎರಡೂ ನಿನ್ನವ ಆಗ್ಯಾವ ನೋಡಬೇ," ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು.

ಆಕೆಯ ಸೆರಗಿನ ಗಂಟಿನಲ್ಲಿದ್ದ ದುಡ್ಡು ಹರಾಜಿಗೆ ಸಾಲಲಿಲ್ಲ. ಮಸ್ಕಿ ಕಡೆಯ ಒಬ್ಬ ಎರಡನ್ನೂ ಕೂಗಿಕೊಂಡ. ಯಾತಕ್ಕೆಂದು ಕೇಳಿದ್ದಕ್ಕೆ "ಸಾರಿಗೆ ರೀ" ಎಂದ. ಜಾಮೀನಿನ ಮೇಲೆ ಹೊರಗಿದ್ದ ಚಿಗವ್ವನ ಗಂಡ ಅವನಿಗೆ ಚೀಲದ ಬಾಯಿ ಅಗಲಿಸಿ ಹಿಡಿದ. ಮುಂದಿನ ವಾರ ಆ ಹುಂಜಗಳನ್ನು ಪಾಮನಕಲ್ಲೂರಿನ ಹತ್ತಿರ ಪಂದ್ಯಕ್ಕೆ ಬಿಟ್ಟರೆಂದು ಅಂಗಡಿಗೆ ಬಂದವರು ಹೇಳಿದರು. ಈ ಸಲ ಅವಕ್ಕೆ ಕೋರ್ಟಿನ ರಸೀದಿ ಇತ್ತು.

ಸಾಕ್ಷಿ ಹೇಳುವ ನನ್ನ ಸರದಿ ಬರುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಹಿಂದಿನ ದಿನ ಚಿಗವ್ವನ ಗಂಡ ಯಾವುದೋ ಪಹಣಿಯ ಝೆರಾಕ್ಸಿಗೆ ಬಂದ. ಬೆದರಿಸಲಿಲ್ಲ. "ನಾಳಿ ಬಿಸಲು ಭಾಳ ಐತಿ. ನೆನಪಿಲ್ಲ ಅಂದು ಲಗೂ ಬಂದುಬಿಡು," ಎಂದ, ಅಷ್ಟೇ.

ಮರುದಿನ ಕೋರ್ಟಿನಲ್ಲಿ ಚಿಗವ್ವನ ಗಂಡನನ್ನು ತೋರಿಸಿ, ಈತನ ಕೈಯಲ್ಲಿ ಯಾವ ಹುಂಜ ಇತ್ತೆಂದು ವಕೀಲರು ಕೇಳಿದರು. ನೆನಪಿಲ್ಲ ಎಂದೆ. ಈತ ಅಲ್ಲಿದ್ದನೇ ಎಂದರು. ಅದೂ ನೆನಪಿಲ್ಲ ಎಂದೆ. ಇನ್ನೊಬ್ಬ ಪಂಚನೂ ಹಾಗೇ ಹೇಳಿದ್ದ. ಕೇಸು ಬಿದ್ದುಹೋಯಿತು. ಖುಲಾಸೆಯಾದವರು ಎದುರಿನ ಹೋಟೆಲಿನಲ್ಲಿ ಮಿರ್ಚಿ ತಿಂದರು. ನನಗೂ ಒಂದು ಪ್ಲೇಟು ಬಂತು. ತಿಂದೆ.

ಊರಿಗೆ ಬಂದಾಗ ಚಿಗವ್ವ ಕಟ್ಟೆಯ ಮೇಲಿದ್ದಳು.

"ದಿನಾ ನಿನ್ನ ಅಂಗಡಿ ಮುಂದ ಕಾಳು ಹೆಕ್ಕತಿತ್ತಲ್ಲೋ. ಅದೂ ನೆನಪಿಲ್ಲೇನು?"

ನಾನು ಏನೋ ಹೇಳಿದೆ. ಆಕೆ ಮತ್ತೆ ಕೋಳಿ ಸಾಕಲಿಲ್ಲ.

ಕರೆ ಹೋದದ್ದು ನನ್ನ ಫೋನಿನಿಂದ, ಅಷ್ಟು ಖಾತ್ರಿ. ಮಾಡು ಎಂದು ಆಕೆ ಹೇಳಿದ್ದಳೋ, ಆಕೆ ಇನ್ನೂ ಯೋಚಿಸುತ್ತಿರುವಾಗಲೇ ನಾನು ನಂಬರು ಒತ್ತಿದ್ದೆನೋ, ಗೊತ್ತಿಲ್ಲ. ಹುಂಜ ಎಲ್ಲಿ ಸತ್ತಿತೆಂಬುದೂ ಗೊತ್ತಿಲ್ಲ.