ಮೇಜಿನ ನಡುವಿನ ಗೀರು

ಅಪ್ಪ ಬಿಟ್ಟುಹೋದ ಅಚ್ಚಿನ ಕೋಣೆಯಲ್ಲಿ ಅಣ್ಣ ತಂಗಿ ಹಾವು ಮುಂಗುಸಿಯ ಹಾಗಿದ್ದರು. ಅಣ್ಣ ಮರದ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬರೆದು, ಉಳಿ ಹಿಡಿದು ಕೆತ್ತುವವನು. ತಂಗಿ ಮೊದಲು ಕಂಪ್ಯೂಟರಿನಲ್ಲಿ ಚಿತ್ರ ಬರೆದು, ಅದನ್ನು ಹಲಗೆಗೆ ಇಳಿಸಿಕೊಂಡು ಆಮೇಲೆ ಕೆತ್ತುವವಳು. ಅಷ್ಟಕ್ಕೇ ಅವನಿಗೆ ಮೈಯೆಲ್ಲ ಉರಿ.

“ಗುಂಡಿ ಒತ್ತೋಳಿಗೆ ಉಳಿ ಯಾಕೆ? ಅಪ್ಪನ ಮಾನ ಕಳೆಯೋಕಾ?”

“ನಿನ್ನ ಗೆರೆ ನೆಟ್ಟಗಿದ್ದಿದ್ರೆ ಅಪ್ಪ ನನಗ್ಯಾಕೆ ಕಲಿಸ್ತಿದ್ದ?” ಅವಳೇನು ಬಾಯಿಗೆ ಬೀಗ ಹಾಕಿಕೊಂಡವಳಲ್ಲ.

ಅಪ್ಪ ಇಬ್ಬರನ್ನೂ ಕೂರಿಸಿ ಕಲಿಸಿದ ಮೇಜಿನ ಚಿತ್ರವನ್ನೇ ಅವಳು ಪ್ರದರ್ಶನಕ್ಕೆಂದು ಹಲಗೆಯಲ್ಲಿ ಕೆತ್ತಿದಳು. ಇನ್ನೇನು ಮಸಿ ಹಚ್ಚಬೇಕು, ನೋಡಿದರೆ ಹಲಗೆಯ ನಟ್ಟನಡುವೆ ಈ ತುದಿಯಿಂದ ಆ ತುದಿಗೆ ಆಳವಾದ ಗೀರು! ಅಣ್ಣ ಕಿಟಕಿಯ ಹತ್ತಿರ ನಿಂತು ಉಳಿ ಒರೆಸುತ್ತಿದ್ದ.

“ಕಂಪ್ಯೂಟರಲ್ಲಿ ಇದೆಯಲ್ಲ, ಇನ್ನೊಂದು ಕೆತ್ಕೋ,” ಅಂದ.

ಅವಳು ಬೇರೆ ಹಲಗೆ ಮುಟ್ಟಲಿಲ್ಲ. ಅದೇ ಹಲಗೆಗೆ ಮಸಿ ಬಳಿದು ಕಾಗದದ ಮೇಲೆ ಅಚ್ಚು ತೆಗೆದಳು. ಮಸಿ ತಾಗದ ಗೀರು ಕಪ್ಪು ಮೇಜನ್ನು ಎರಡು ಹೋಳು ಮಾಡಿ ಬಿಳಿ ಗೆರೆಯಾಗಿ ಎದ್ದು ಬಂತು. ಆ ಅಚ್ಚನ್ನು ಕಂಪ್ಯೂಟರಿಗೆ ಹಾಕಿ ಗೋಡೆಯಷ್ಟಗಲ ಹಿಗ್ಗಿಸಿದಳು.

ಪ್ರದರ್ಶನದ ದಿನ ಜನ ಆ ಗೆರೆಯ ಮುಂದೆಯೇ ಮುಗಿಬಿದ್ದರು. ತಪ್ಪು ಹುಡುಕಲೆಂದೇ ಬಂದಿದ್ದ ಅಣ್ಣ ಮೂಲೆಯಲ್ಲಿ ನಿಂತಿದ್ದ.

“ಈ ಗೆರೆಯನ್ನೂ ಕಂಪ್ಯೂಟರಲ್ಲೇ ಎಳೆದಿರಾ?” ಯಾರೋ ಕೇಳಿದರು.

“ಇಲ್ಲಪ್ಪ, ಅಲ್ಲಿ ನಿಂತಿದಾರಲ್ಲ, ನಮ್ಮಣ್ಣ, ಅವರ ಕೈಕೆಲಸ,” ಎಂದು ಅವಳು ಎಲ್ಲರಿಗೂ ಕೇಳುವಂತೆ ಹೇಳಿ ಬೆರಳು ತೋರಿಸಿದಳು. “ಇಷ್ಟು ಹೊಟ್ಟೆಕಿಚ್ಚು ಕಂಪ್ಯೂಟರಿಗೆ ಎಲ್ಲಿಂದ ಬರಬೇಕು?”