ನಮ್ಮತ್ತೆ ಶೇಖರಮ್ಮ ಮತ್ತು ಪಂಚಮಿಯ ರೈಲು

ನಮ್ಮತ್ತೆ ಶೇಖರಮ್ಮನಿಗೆ ಬಾಯಿ ಮುಚ್ಚಿಕೊಂಡು ಕೂರುವುದು ಗೊತ್ತಿರಲಿಲ್ಲ. ನೀನೇನು ಕಡಿಮೆಯೇ ಪಂಪಾವತಿ ಎಂದು ನಮ್ಮೂರವರು ಕೇಳುತ್ತಾರೆ. ಕೇಳಲಿ. ಒಂದೇ ಒಲೆಯ ಮುಂದೆ ವರ್ಷಗಟ್ಟಲೆ ಇಬ್ಬರೂ ಜಗಳಾಡಿದ್ದೇವೆ, ಹೆಚ್ಚಾಗಿ ಗೆದ್ದವಳು ಆಕೆಯೇ. ಆದರೆ ಹೊರಗಿನವರು ಆಕೆಯ ಬಗ್ಗೆ ಒಂದು ಮಾತಾಡಿದರೂ ನಾನು ಬಿಡುವವಳಲ್ಲ. ಬೈಯುವುದಿದ್ದರೆ ನಾನು ಬೈಯಬೇಕು, ಬೇರೆಯವರಿಗೇನು ಅಧಿಕಾರ?

ಬೇವೂರಿನಲ್ಲಿ ಯಾರ ಮನೆಯ ಮದುವೆಯಾದರೂ ಅದರೊಳಗೆ ಅತ್ತೆಯ ಕೈ ಇರುತ್ತಿತ್ತು. ಎಲ್ಲಿ ಕೂತರೂ ನಿಮ್ಮಲ್ಲಿ ಹೆಣ್ಣು ಎಷ್ಟು, ಗಂಡು ಎಷ್ಟು ಎಂದು ಕೇಳಿ ಮನಸ್ಸಿನಲ್ಲೇ ಜೋಡಿಸಿಬಿಡುತ್ತಿದ್ದಳು. ಆಗ ಗಿಣಿಗೇರಾದಿಂದ ನಮ್ಮೂರಿಗೆ ಒಂದು ಸಣ್ಣ ರೈಲಿತ್ತು. ಮುಂಜಾನೆ ಬರುತ್ತಿತ್ತು, ಮಧ್ಯಾಹ್ನ ತಿರುಗಿ ಹೋಗುತ್ತಿತ್ತು. ಅತ್ತೆಯ ಸಂಬಂಧಗಳೆಲ್ಲ ಈ ರೈಲಿನ ದಾರಿಯಲ್ಲೇ ಕುದುರುತ್ತಿದ್ದವು. ಇಷ್ಟು ದೂರ ಮಗಳನ್ನು ಹೇಗೆ ಕೊಡುವುದು ಎಂದು ತಾಯಂದಿರು ಹಿಂದೆ ಮುಂದೆ ನೋಡಿದರೆ ಆಕೆಯದು ಒಂದೇ ಮಾತು.

“ರೈಲು ಐತೆಲ್ಲ ಯವ್ವಾ. ಪಂಚಮಿಗೆ ಇಲ್ಲಿ ಉಂಡು ಹತ್ತಿದ್ರ, ದೀಪಾ ಹಚ್ಚೂದ್ರಾಗ ನಿನ್ನ ಮಗಳು ನಿನ್ನ ಮನ್ಯಾಗಿರ್ತಾಳ.”

ಗಿಣಿಗೇರಾದ ನಮ್ಮವ್ವ ಬಿದ್ದದ್ದೂ ಈ ಮಾತಿಗೇ. ಅತ್ತೆಗೆ ಇದ್ದವನು ಒಬ್ಬನೇ ಮಗ, ಈಶಪ್ಪ. ಅವನಿಗೆ ನನ್ನನ್ನು ತಂದುಕೊಂಡಳು. ಮದುವೆಯಾದ ಮೊದಮೊದಲು ಕೊಟ್ಟ ಮಾತಿನಂತೆಯೇ ನಡೆಯಿತು. ಶ್ರಾವಣ ಬಂತೆಂದರೆ ನಮ್ಮಣ್ಣ ಗವಿಸಿದ್ದಪ್ಪ ರೈಲಿನಲ್ಲಿ ಕರೆಯಲು ಬರುತ್ತಿದ್ದ, ನಾನು ಹೋಗಿ ಜೋಕಾಲಿ ಜೀಕಿ, ಉಂಡಿ ತಿಂದು ಬರುತ್ತಿದ್ದೆ.

ಆಮೇಲೆ ಯುದ್ಧ ಬಂತು. ಎಲ್ಲೋ ದೂರದ ದೇಶದಲ್ಲಿ ಹಳಿ ಬೇಕಂತೆ, ನಲವತ್ತೆರಡರಲ್ಲಿ ನಮ್ಮ ಹಳಿ ಕಿತ್ತರು. ಬೇವೂರಿನಿಂದ ಶುರುಮಾಡಿ ಕೀಳುತ್ತಾ ಹಿಂದೆ ಹಿಂದೆ ಸರಿದರು. ಕೊನೆಯ ರೈಲು ತನ್ನ ಹಳಿಯನ್ನು ತಾನೇ ಹೊತ್ತುಕೊಂಡು ಹೋಯಿತು. ಉಳಿದದ್ದು ಬರೀ ಮಣ್ಣಿನ ಏರಿ. ಹಳಿಯ ಕೆಳಗಿದ್ದ ಮರದ ದಿಮ್ಮಿಗಳು ಊರವರ ಬಾಗಿಲುಗಳ ಮೇಲೆ ತೊಲೆಯಾಗಿ ಕೂತವು, ಜಲ್ಲಿ ಗೋಡೆ ಸೇರಿತು. ಪಕ್ಕದ ಮನೆಯ ವಿರೂಪಾಕ್ಷಮ್ಮನಂತೂ ಏರಿಯ ಮೇಲೆ ನೀರು ನಿಲ್ಲುವುದಿಲ್ಲವೆಂದು ತನ್ನ ಮೇವಿನ ಬಣವೆಯನ್ನೇ ಅಲ್ಲಿ ಒಟ್ಟಿದಳು.

ಆ ವರ್ಷದ ಪಂಚಮಿಗೆ ಅಣ್ಣ ಚಕ್ಕಡಿ ಹೂಡಿಕೊಂಡು ಬಂದ. ಅತ್ತೆ ಕಳಿಸಲಿಲ್ಲ. ಹಳ್ಳ ತುಂಬಿದೆ, ಎರೆಮಣ್ಣು ಗಾಲಿಗೆ ಮೆತ್ತಿಕೊಳ್ಳುತ್ತದೆ, ನಡುದಾರಿಯಲ್ಲಿ ಸಿಕ್ಕಿಬಿದ್ದರೆ ಯಾರು ಹೊಣೆ ಎಂದಳು. ಮರುವರ್ಷವೂ ಬಂದ, ಮರುವರ್ಷವೂ ಅದೇ ಹಳ್ಳ, ಅದೇ ಮಣ್ಣು. ಅವ್ವ ಕೊಟ್ಟ ಉಂಡಿಯ ಬುಟ್ಟಿ ಇಳಿಸಿ ಬರೀ ಚಕ್ಕಡಿ ಹೊಡೆದುಕೊಂಡು ಹೋದ. ಆಮೇಲೆ ಬರುವುದನ್ನೇ ಬಿಟ್ಟ. ಹಳ್ಳ ತುಂಬಿದ್ದು ನಿಜ, ಇಲ್ಲ ಅನ್ನುವುದಿಲ್ಲ. ಆದರೆ ಅತ್ತೆಗೆ ಮೊಣಕಾಲು ಹಿಡಿದದ್ದೂ, ಹಬ್ಬದ ರಾಶಿ ರೊಟ್ಟಿ ಬಡಿಯಲು ನಾನು ಬೇಕಿದ್ದದ್ದೂ ಅಷ್ಟೇ ನಿಜ. ನಡುವೆ ಒಂದು ಬೇಸಿಗೆಯಲ್ಲಿ ಬಾಣಂತನಕ್ಕೆ ತವರಿಗೆ ಹೋಗಿದ್ದೆ. ಬಾಣಂತಿಯಾಗಿ ಕತ್ತಲಕೋಣೆಯಲ್ಲಿ ಮಲಗಿ ಬರುವುದು ಬೇರೆ, ಪಂಚಮಿಗೆ ಗೆಳತಿಯರ ಜೊತೆ ಮುಗಿಲಿಗೆ ಜೀಕುವುದು ಬೇರೆ. ಶ್ರಾವಣ ಬಂದರೆ ನನಗೆ ಊಟ ಸೇರುತ್ತಿರಲಿಲ್ಲ.

ನಿಜಾಮನ ಆಳ್ವಿಕೆ ಮುಗಿದು, ಗಲಾಟೆಗಳು ತಣ್ಣಗಾದ ಮೇಲೆ, ನಲವತ್ತೊಂಬತ್ತರ ಸಂಕ್ರಾಂತಿ ಕಳೆದು ಒಬ್ಬ ರೈಲ್ವೆ ಸಾಹೇಬ ಬಂದ. ಮತ್ತೆ ಹಳಿ ಹಾಕುತ್ತೇವೆ, ಆದರೆ ಹೋಳಿ ಹುಣ್ಣಿಮೆಯೊಳಗೆ ಏರಿಯನ್ನು ಊರವರು ತೆರವು ಮಾಡಿಕೊಡಬೇಕು, ಇಲ್ಲದಿದ್ದರೆ ಈ ಹಳಿ ಬೇರೆ ಕಡೆ ಹೋಗುತ್ತದೆ ಎಂದ. ಚಾವಡಿಯಲ್ಲಿ ಗಂಡಸರೆಲ್ಲ ಹೌದು ಹೌದು ಎಂದು ತಲೆಯಾಡಿಸಿ ಎದ್ದುಹೋದರು. ಒಬ್ಬನೂ ಒಂದು ಕಲ್ಲು ಎತ್ತಲಿಲ್ಲ.

ಗಂಡಸರನ್ನು ಅಂದು ಏನು ಪ್ರಯೋಜನ? ಅವರ ಕೈ ಕಟ್ಟಿದವರು ಮನೆಯೊಳಗಿದ್ದರು. ಬೇವೂರಿನ ಪ್ರತಿ ಅತ್ತೆಗೂ ಮಗಳು ಬರಬೇಕಿತ್ತು, ಸೊಸೆ ಹೋಗಬಾರದಿತ್ತು. ರೈಲಿಲ್ಲದ ಈ ಏಳು ವರ್ಷದಲ್ಲಿ ಸೊಸೆಯಂದಿರು ಹಬ್ಬಕ್ಕೆ ಮನೆಯಲ್ಲೇ ಉಳಿದು ಅವರಿಗೆಲ್ಲ ಛಲೋ ರೂಢಿಯಾಗಿತ್ತು.

ನಮ್ಮತ್ತೆಗೆ ಇದು ಗೊತ್ತಾದದ್ದೇ ತಡ, ಸೆರಗು ಸಿಕ್ಕಿಸಿಕೊಂಡು ಹೊರಟಳು. ಏಳು ವರ್ಷದಿಂದ ತಾಯಂದಿರ ಬೈಗುಳ ತಿಂದಿದ್ದಳಲ್ಲ; ರೈಲು ಐತಿ ಎಂದು ಹೇಳಿ ನಮ್ಮ ಮಕ್ಕಳನ್ನು ದೂರ ಹಾಕಿದೆ ಎಂದು ಸಂತೆಯಲ್ಲೂ ಆಡುತ್ತಿದ್ದರು. ಆಡಿದ ಮಾತು ಸುಳ್ಳಾಯಿತಲ್ಲ ಎಂಬುದು ಆಕೆಯನ್ನು ಮೊಣಕಾಲಿಗಿಂತ ಹೆಚ್ಚು ನೋಯಿಸಿತ್ತು. ಒಂದೊಂದೇ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತು ಹೇಳಿದಳು. ಮಗಳು ಬರಬೇಕಾದರೆ ಸೊಸೆ ಹೋಗಬೇಕು, ರೈಲು ಒಂದೇ ಕಡೆಯಿಂದ ಬರುವುದಿಲ್ಲ ತಾಯಿ, ನಿನ್ನ ಸೊಸೆಯ ತವರಿನಲ್ಲೂ ಒಬ್ಬ ಮುದುಕಿ ಬಾಗಿಲಲ್ಲಿ ಕೂತಿದ್ದಾಳೆ ಎಂದಳು. ಮೊದಲು ಒಪ್ಪಿದವಳು ಬಾಷಾಬಿ. ಆಕೆಯ ಮಗಳು ಕೊಪ್ಪಳದಲ್ಲಿದ್ದಳು. ಪಂಚಮಿ ನನ್ನ ಹಬ್ಬವಲ್ಲ, ಆದರೆ ಮಗಳು ನನ್ನವಳು ಎಂದವಳೇ, ಹಳಿಗೆ ಬೇಕಾದೀತೆಂದು ಅಂದೇ ಬಾಗಿಲ ಮೇಲಿನ ದಿಮ್ಮಿ ಬಿಚ್ಚಿಸಿದಳು. ಅವಳನ್ನು ನೋಡಿ ಓಣಿಯವರೆಲ್ಲ ಬಿಚ್ಚಿದರು. ಬಾಗಿಲಿಲ್ಲದ ಮನೆಗಳಿಗೆ ನಾಯಿಗಳು ನುಗ್ಗತೊಡಗಿದವು.

ಸಾಹೇಬ ಬಂದು ಆ ದಿಮ್ಮಿಗಳ ರಾಶಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಗೆದ್ದಲು ತಿಂದ ಇವನ್ನು ಯಾರು ಕೇಳಿದರು, ನನಗೆ ಬೇಕಾದದ್ದು ಏರಿ, ಅದರ ಮೇಲಿನ ಬಣವೆ ಹೋಯಿತೇ ಎಂದ. ಬಣವೆ ಎಲ್ಲಿಗೂ ಹೋಗಿರಲಿಲ್ಲ. ಅಲ್ಲೇ ಇತ್ತು, ವಿರೂಪಾಕ್ಷಮ್ಮನೂ ಅದರ ಬುಡದಲ್ಲೇ ಕೂತಿದ್ದಳು. ಊರವರು ದಿಮ್ಮಿ ಹೊತ್ತುಕೊಂಡು ಮನೆಗೆ ಹೋಗಿ ಬಾಗಿಲು ಕೂಡಿಸಿಕೊಂಡರು. ಅತ್ತೆ ಬಣವೆಯ ಹತ್ತಿರ ಹೋದಳು. ನಾನು ನೀರಿನ ಕೊಡ ಹೊತ್ತು ಹಿಂದೆಯೇ ಇದ್ದೆ.

“ನಿನಗೇನು ಶೇಖರಮ್ಮ,” ಎಂದಳು ವಿರೂಪಾಕ್ಷಮ್ಮ. “ನಿನಗ ಬರೂ ಮಗಳಿಲ್ಲ, ಹೋಗೂ ತವರಿಲ್ಲ. ಮಂದಿಗೆ ಬುದ್ಧಿ ಹೇಳಾಕ ಬಂದಿ. ನಿನ್ನ ಸೊಸಿನ್ನ ಈ ಪಂಚಮಿಗೆ ಕಳಸತೀಯೇನು, ಎಲ್ಲಾರ ಮುಂದ ಹೇಳು. ಇವತ್ತ ಬಣವಿ ತಗಸತೀನಿ.”

ಕೊಡದ ನೀರು ನನ್ನ ಬೆನ್ನಿಗೆ ಇಳಿಯುತ್ತಿತ್ತು, ನನಗೆ ಅದರ ಖಬರಿಲ್ಲ. ಆ ಮಾತು ಕೆಟ್ಟ ಮಾತು, ಆದರೆ ಸುಳ್ಳಲ್ಲ. ಅತ್ತೆಯ ತವರಿನಲ್ಲಿ ಪ್ಲೇಗಿಗೆ ಎಲ್ಲರೂ ಹೋಗಿದ್ದರು. ರೈಲು ಬಂದರೆ ಊರಿನ ಮನೆಮನೆಗೂ ಯಾರೋ ಇಳಿಯುತ್ತಿದ್ದರು. ನಮ್ಮ ಮನೆಯಿಂದ ಮಾತ್ರ ಹತ್ತುವುದೇ ಇತ್ತು, ಇಳಿಯುವವರಿರಲಿಲ್ಲ. ಅತ್ತೆ ತಿರುಗಿ ನನ್ನ ಮುಖ ನೋಡಿದಳು. ಆಮೇಲೆ ಕಳಿಸುತ್ತೇನೆ ಎಂದಳು. ಸಂಜೆಯೊಳಗೆ ಬಣವೆ ಇಳಿಯಿತು.

ಹೋಳಿ ಕಳೆದ ಮೇಲೆ ಹಳಿಯ ಕೆಲಸ ಶುರುವಾಯಿತು. ಊರಿನ ಅರ್ಧ ಜನ ಬುಟ್ಟಿ ಹೊತ್ತರು, ನಾನೂ ಹೊತ್ತೆ. ಇಷ್ಟು ಖುಷಿಯಿಂದ ನಾನು ಯಾವ ಮಣ್ಣನ್ನೂ ಹೊತ್ತಿಲ್ಲ. ಆದರೆ ಆಷಾಢ ಬಂದದ್ದೇ ಅತ್ತೆಯ ಮೊಣಕಾಲು ಜೋರಾಗಿ ನೋಯತೊಡಗಿತು. ಹಿಟ್ಟಿನ ಮಡಕೆಯ ಕಡೆ ಕೈ ತೋರಿಸಿ ಉಸ್ಸೆನ್ನುವಳು. ಹಬ್ಬಕ್ಕೆ ಇಷ್ಟು ರೊಟ್ಟಿ ಆಗಬೇಕಲ್ಲ ಎಂದು ಗೋಡೆಗೆ ಹೇಳುವಳು. ಕಳಿಸುತ್ತೀಯೋ ಇಲ್ಲವೋ ಎಂದು ನಾನು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ರೊಟ್ಟಿ ಬಡಿಯುವ ಸಪ್ಪಳದಲ್ಲೇ ನನ್ನ ಸಿಟ್ಟು ಇಡೀ ಓಣಿಗೆ ಕೇಳುತ್ತಿತ್ತು.

ಪಂಚಮಿಗೆ ಮುಂಚೆ ಬರುವ ರೊಟ್ಟಿ ಹಬ್ಬದ ಹಿಂದಿನ ದಿನ ಮೊದಲ ರೈಲು ಬಂತು. ಎಂಜಿನ್ನಿಗೆ ಮಾವಿನ ತೋರಣ ಕಟ್ಟಿದ್ದರು. ಡಬ್ಬಿಗಳಿಂದ ಹೆಣ್ಣುಮಕ್ಕಳು ಗಂಟು, ಕೂಸುಗಳ ಸಮೇತ ಇಳಿದರೋ ಉರುಳಿದರೋ ಹೇಳಲಾಗದು. ವಿರೂಪಾಕ್ಷಮ್ಮ ಮಗಳ ಕೊರಳಿಗೆ ಬಿದ್ದು ಗೊಳೋ ಎಂದಳು. ಬಾಷಾಬಿ ಮಗಳ ಗಲ್ಲ ಹಿಡಿದು ತೆಳ್ಳಗಾಗಿದ್ದೀಯೆಂದು ಬೈಯುತ್ತಿದ್ದಳು. ನಾನು ಮಗನ ಕೈ ಹಿಡಿದು, ಬಟ್ಟೆಯ ಗಂಟು ಹಿಡಿದು, ಒಂದೊಂದೇ ಬಾಗಿಲು ನೋಡಿದೆ. ಎಲ್ಲರೂ ಇಳಿದರು. ನಮ್ಮಣ್ಣ ಇಳಿಯಲಿಲ್ಲ.

ಕರೆಯಲು ಬಾರದೆ ಹೆಣ್ಣುಮಗಳು ತವರಿಗೆ ತಾನಾಗಿ ಹೋಗುವುದುಂಟೇ? ಅತ್ತೆಗೆ ಇದಕ್ಕಿಂತ ಒಳ್ಳೆಯ ನೆವ ಬೇಕಿರಲಿಲ್ಲ. ನಾನು ಕಳಿಸುವವಳೇ ಇದ್ದೆ, ಅವರೇ ಬರಲಿಲ್ಲ ಎಂದರೆ ವಿರೂಪಾಕ್ಷಮ್ಮನೂ ಏನೂ ಅನ್ನುವ ಹಾಗಿರಲಿಲ್ಲ. ಮಧ್ಯಾಹ್ನ ರೈಲು ತಿರುಗಿ ಹೊರಡುವ ಹೊತ್ತಾದರೂ ನಾನು ಅಲ್ಲೇ ನಿಂತಿದ್ದೆ. ಕೊನೆಗೆ ಕಣ್ಣೊರೆಸಿಕೊಂಡು ಮನೆಯ ಕಡೆ ತಿರುಗಿದೆ.

ಅತ್ತೆ ನನ್ನ ಕೈಯ ಗಂಟು ಕಿತ್ತುಕೊಂಡಳು.

“ಎಲ್ಲಿ ಹೊಂಟಿ? ಹತ್ತು,” ಎಂದಳು. “ಅವರು ಕರಿಯಾಕ ಬರಲಿಲ್ಲಂದ್ರ ನಾನ ಒಯ್ದು ಮುಟ್ಟಸತೀನಿ. ಮಾತು ಕೊಟ್ಟಾಕಿ ನಾನು, ನಿಮ್ಮಣ್ಣಲ್ಲ.”

ಅತ್ತೆಯೇ ಸೊಸೆಯನ್ನು ತವರಿಗೆ ಬಿಡಲು ಹೋಗುವುದನ್ನು ನಮ್ಮ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ರೈಲು ನೋಡಲು ಬಂದಿದ್ದ ಮಾವ ಬಾಯಿ ತೆರೆಯುವಷ್ಟರಲ್ಲಿ ಆಕೆ ಮೊಣಕಾಲು ಹಿಡಿದುಕೊಂಡು ಹತ್ತಿ ಕೂತು ನನ್ನ ಮಗನನ್ನೂ ಎಳೆದುಕೊಂಡಿದ್ದಳು. ರೊಟ್ಟಿ ಎಂದು ನನ್ನ ಗಂಡ ಏನೋ ಕೂಗಿದ. ರೈಲಿನ ಸಿಳ್ಳಿನಲ್ಲಿ ಅದು ಕೇಳಲಿಲ್ಲ, ಕೇಳಿಸಿಕೊಳ್ಳುವ ಮನಸ್ಸೂ ನಮಗಿರಲಿಲ್ಲ.

ಅರ್ಧ ದಾರಿಯಲ್ಲಿ ರಸ್ತೆ ಹಳಿ ದಾಟುವ ಕಡೆ ಒಂದು ಚಕ್ಕಡಿ ನಿಂತಿತ್ತು. ರೈಲಿಗೆ ಬೆದರಿದ ಎತ್ತುಗಳ ಮೂಗುದಾರ ಜಗ್ಗಿ ಹಿಡಿದು ನಿಂತವನು ಯಾರೆಂದು ನೋಡಿದರೆ ನಮ್ಮಣ್ಣ ಗವಿಸಿದ್ದಪ್ಪ. ಅತ್ತೆ ಎಲ್ಲರ ಮುಂದೆ ಮಾತು ಕೊಟ್ಟ ಸುದ್ದಿ ಅವನಿಗೂ ಮುಟ್ಟಿತ್ತು. ಆದರೆ ರೈಲು ಖರೆ ಬರುತ್ತದೆಂದು ನಂಬಿಕೆಯಾಗದೆ, ಹಿಂದಿನ ದಿನವೇ ಚಕ್ಕಡಿ ಹೂಡಿಕೊಂಡು ನನ್ನನ್ನು ಕರೆಯಲು ಹೊರಟಿದ್ದ. ನಾನು ಅಣ್ಣಾ ಎಂದು ಕೂಗುವ ಮೊದಲೇ ಅತ್ತೆ ಕಿಟಕಿಯಿಂದ ಅರ್ಧ ಹೊರಗೆ ಬಿದ್ದಳು.

“ಹೊಳ್ಳಿ ಮನಿಗೆ ಬಾರಪ್ಪ ಗವಿಸಿದ್ದಾ, ನಿನ್ನ ತಂಗಿನ್ನ ನಾನ ಕರಕೊಂಡು ಹೊಂಟೀನಿ.”

ಅವನು ಬಾಯಿ ಬಿಟ್ಟುಕೊಂಡು ನಿಂತದ್ದು ನೋಡಿ ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಅತ್ತೆಯ ಜೊತೆ ಹಾಗೆ ನಕ್ಕದ್ದು ನನಗೆ ಅದೇ ಮೊದಲು.

ದೀಪ ಹಚ್ಚುವ ಹೊತ್ತಿಗೆ ಗಿಣಿಗೇರಾದ ಮನೆ ಮುಟ್ಟಿದೆವು. ಅವ್ವ ಬಾಗಿಲಲ್ಲಿದ್ದಳು. ನನ್ನನ್ನು ನೋಡಿದಳು, ಹಿಂದೆ ಗಂಟು ಹೊತ್ತು ನಿಂತ ಬೀಗತಿಯನ್ನು ನೋಡಿದಳು. ಏಳು ವರ್ಷದ ಬೈಗುಳ ಅವ್ವನ ನಾಲಗೆಯ ತುದಿಯಲ್ಲಿತ್ತೆಂದು ನನಗೆ ಗೊತ್ತು. ಭಾಳ ತಡಾ ಆತು ಬೀಗತಿ ಎಂದಳು ಅತ್ತೆ, ಅಷ್ಟೇ. ಅವ್ವ ಒಳಗೆ ಹೋಗಿ ಕಾಲಿಗೆ ನೀರು ತಂದಳು. ಮರುದಿನ ಬರೀ ಚಕ್ಕಡಿ ಹೊಡೆದುಕೊಂಡು ಬಂದ ಅಣ್ಣನ ಮೇಲೆ ಆ ಬೈಗುಳವೆಲ್ಲ ಸುರಿಯಿತು, ಪಾಪ.

ಪಂಚಮಿಯಲ್ಲಿ ಅವ್ವ ಅತ್ತೆಯನ್ನು ಜೋಕಾಲಿಯಲ್ಲಿ ಕೂಡಿಸಿ ತಾನೇ ತೂಗಿದಳು. ಮೊಣಕಾಲಿನ ಮಾತು ಆ ಐದಾರು ದಿನ ಯಾರ ಬಾಯಲ್ಲೂ ಬರಲಿಲ್ಲ. ಹೊರಡುವ ದಿನ ಅವ್ವ ನನ್ನನ್ನು ಮಣೆಯ ಮೇಲೆ ಕೂಡಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಖಣ ಹಾಕಿ ಉಡಿ ತುಂಬಿದಳು. ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿ ಅತ್ತೆಯನ್ನು ಕರೆದಳು. ನನಗ್ಯಾಕೆ, ನಾನೇನು ಈ ಮನೆಯ ಮಗಳೇ ಎಂದು ಅತ್ತೆ ಹಿಂದೆ ಸರಿದಳು.

“ಪಂಚಮಿಗೆ ಬಂದಾಕಿನ್ನ ಬರೀ ಉಡೀಲೆ ಹೆಂಗ ಕಳಸಲಿ?” ಎಂದಳು ಅವ್ವ. “ಕುಂದರು.”

ಅತ್ತೆ ಕೂತಳು. ಅಷ್ಟು ಮಾತಿನ ಹೆಂಗಸು ಒಂದು ಮಾತೂ ಆಡದೆ, ಸೆರಗು ಎರಡೂ ಕೈಯಲ್ಲಿ ಚಾಚಿ ಹಿಡಿದು, ಸಣ್ಣ ಹುಡುಗಿಯ ಹಾಗೆ ಅತ್ತುಬಿಟ್ಟಳು. ನಾನೂ ಅವ್ವನೂ ಅತ್ತೆವು.

ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾ ಕೂತಾಗ ಆಕೆಗೆ ಮತ್ತೆ ಮಾತು ಬಂತು.

“ಮುಂದಿನ ಪಂಚಮಿಗೆ ಗವಿಸಿದ್ದನ್ನ ಕಳಸಬ್ಯಾಡಂತ ನಿಮ್ಮವ್ವಗ ಹೇಳಿ ಬಂದೀನಿ. ನಿನ್ನ ಕರಕೊಂಡು ಬರಾಕ ನಾ ಇಲ್ಲೇನು?”

ಹಬ್ಬದ ರೊಟ್ಟಿ ಯಾರು ಬಡಿಯಬೇಕು ಎಂದು ಕೇಳಿದೆ. ಮನೆಯಲ್ಲಿ ಇಬ್ಬರು ಗಂಡಸರಿದ್ದಾರೆ, ಅವರಿಗೂ ಕೈಯಿವೆ, ಕಲಿಯುತ್ತಾರೆ ಎಂದಳು. ಆಮೇಲೆ ಆಕೆ ಬದುಕಿರುವವರೆಗೂ ಅಣ್ಣ ನನ್ನನ್ನು ಕರೆಯಲು ಬರಲಿಲ್ಲ. ಶ್ರಾವಣ ಬಂತೆಂದರೆ ನನಗಿಂತ ಮೊದಲು ಗಂಟು ಕಟ್ಟಿಕೊಂಡು ಅತ್ತೆಯೇ ಬಾಗಿಲಲ್ಲಿ ಕೂತಿರುತ್ತಿದ್ದಳು.